ಮೂವತ್ತನಾಲ್ಕೂವರೆಯ ಕುಳಿ

ವಿಜಯನಗರದ ಆ ಖಾಸಗಿ ಪದವಿ ಕಾಲೇಜಿನ ಗೇಟಿನ ಮೇಲೆ ಹನ್ನೆರಡಡಿ ಉದ್ದದ ಫ್ಲೆಕ್ಸ್ ಏರಿದ ದಿನ ಗಿರಿಜಾದೇವಿ ಹಿಗ್ಗಬೇಕಿತ್ತು. ಅವಳಿಗೆ ಬಂದದ್ದು ಸಿಟ್ಟು. ಗುರುತಿನ ಚೀಟಿಯ ಫೋಟೊವನ್ನೇ ದೊಡ್ಡದು ಮಾಡಿ, ಕೆನ್ನೆಗೆ ಗುಲಾಬಿ ಬಣ್ಣ ಬಳಿದು, ಪಕ್ಕದಲ್ಲಿ 'ಹೊಸ ನಕ್ಷತ್ರ ಕಂಡುಹಿಡಿದ ನಮ್ಮ ಹೆಮ್ಮೆಯ ಪ್ರಾಧ್ಯಾಪಕಿ' ಎಂದು ಬರೆಸಿದ್ದರು. ಅವಳು ಬ್ಯಾಗನ್ನೂ ಇಳಿಸದೆ ಸೀದಾ ಪ್ರಾಂಶುಪಾಲರ ಕೋಣೆಗೆ ಹೋದಳು.

"ಸಾರ್, ನಾನು ಯಾವ ನಕ್ಷತ್ರಾನೂ ಕಂಡುಹಿಡಿದಿಲ್ಲ. ಅದು ಐವತ್ತು ವರ್ಷದಿಂದ ಎಲ್ಲರಿಗೂ ಗೊತ್ತಿರೋ ನಕ್ಷತ್ರ."

ಪ್ರಾಂಶುಪಾಲ ಪುರುಷೋತ್ತಮ ಅವರು ನಗುತ್ತಲೇ ಕುರ್ಚಿ ತೋರಿಸಿದರು. "ಅಯ್ಯೋ ಬಿಡಿ ಮೇಡಂ. ಅಡ್ಮಿಷನ್ ಟೈಮು. ಪೇರೆಂಟ್ಸ್‌ಗೆ ನಕ್ಷತ್ರ ಅಂದ್ರೆ ಅರ್ಥ ಆಗುತ್ತೆ. ಸ್ಪೆಕ್ಟ್ರಮ್ಮು ಗಿಕ್ಟ್ರಮ್ಮು ಅಂದ್ರೆ ಗೇಟಿಂದಾನೇ ವಾಪಸ್ ಹೋಗ್ತಾರೆ."

"ಹಂಗಂತ ಸುಳ್ಳು ಹಾಕೋದಾ?"

"ಸುಳ್ಳಲ್ಲ ಮೇಡಂ, ಸಿಂಪಲ್ಲಾಗಿ ಹೇಳೋದು."

ಮಧ್ಯಾಹ್ನದ ಸನ್ಮಾನದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಕೈಗಿತ್ತರು. ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ಫ್ಲೆಕ್ಸಿನಲ್ಲಿರುವುದು ತಪ್ಪು ಎಂದು ಶುರುಮಾಡಿ, ತಾನು ಮಾಡಿದ್ದೇನು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿದಳು. ಆಕಾಶದಲ್ಲಿ ಜೋಡಿಯಾಗಿರುವ ನಕ್ಷತ್ರಗಳಿವೆ. ಅಂಥ ಒಂದು ಜೋಡಿಯಲ್ಲಿ ಒಬ್ಬರು ಸಾಮಾನ್ಯ ನಕ್ಷತ್ರ, ಇನ್ನೊಬ್ಬರು ಸತ್ತ ನಕ್ಷತ್ರದ ಗಟ್ಟಿ ಉಳಿಕೆ, ಅಂದರೆ ನ್ಯೂಟ್ರಾನ್ ನಕ್ಷತ್ರ. ಅದರ ತೂಕ ನಮ್ಮ ಸೂರ್ಯನಿಗಿಂತ ಜಾಸ್ತಿ, ಅಡ್ಡಳತೆ ಮಾತ್ರ ಹೆಚ್ಚೂಕಡಿಮೆ ಕೆಂಗೇರಿಯಿಂದ ಕೆ.ಆರ್. ಪುರದವರೆಗೆ. ಅದು ಪಕ್ಕದವರ ಅನಿಲವನ್ನು ಎಳೆದುಕೊಳ್ಳುತ್ತದೆ. ಆ ಅನಿಲ ಬೀಳುವ ಭರಕ್ಕೆ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಚೆಲ್ಲುತ್ತದೆ. ಉಪಗ್ರಹದ ಮೇಲಿನ ಉಪಕರಣವೊಂದು ಆ ಎಕ್ಸ್-ರೇಗಳನ್ನು ಹಿಡಿದು, ಯಾವ ಶಕ್ತಿಯವು ಎಷ್ಟು ಬಂದವು ಎಂದು ಎಣಿಸುತ್ತದೆ. ಎಣಿಕೆಯನ್ನು ಗೆರೆಯಾಗಿ ಬರೆದರೆ ಒಂದು ಇಳಿಜಾರು. ನಕ್ಷತ್ರದ ಕಾಂತಕ್ಷೇತ್ರ ಬಲವಾಗಿದ್ದರೆ ಆ ಇಳಿಜಾರಿನಲ್ಲಿ ಒಂದು ಕಡೆ ಸಣ್ಣ ಕುಳಿ ಬೀಳುತ್ತದೆ. ಕುಳಿ ಎಲ್ಲಿ ಬಿತ್ತು ಎಂದು ನೋಡಿದರೆ ಕಾಂತಕ್ಷೇತ್ರ ಎಷ್ಟು ಎಂದು ಹೇಳಬಹುದು. "ನಾನು ಆ ಕುಳೀನ ಮೂವತ್ತನಾಲ್ಕೂವರೆ ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ನೋಡಿದೀನಿ. ಅಷ್ಟೇ ನಾನು ಮಾಡಿರೋದು," ಎಂದು ಮುಗಿಸಿದಳು. ಮಕ್ಕಳು ಶಿಳ್ಳೆ ಹೊಡೆದರು. ಫ್ಲೆಕ್ಸು ಹಾಗೇ ಉಳಿಯಿತು.

ಗಿರಿಜಾದೇವಿಯ ಸಿಟ್ಟು ಇಡೀ ಕಾಲೇಜಿಗೆ ಗೊತ್ತಿದ್ದದ್ದೇ. ಮನೆಯವರು ಅದನ್ನು ಅವಳ ಒಂಬತ್ತನೇ ಕ್ಲಾಸಿನಿಂದ ಬಲ್ಲರು. ಅವಳ ತಂದೆ ರೇವಣಸಿದ್ದಪ್ಪ ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೋಟುಪುಸ್ತಕದ ಅಂಗಡಿ ಇಟ್ಟುಕೊಂಡಿದ್ದವರು. ಆ ವರ್ಷ ಗಣಿತದ ಮೇಷ್ಟ್ರು ಅಂಕ ಕೂಡುವಾಗ ತಪ್ಪಿ ಅವಳಿಗೆ ಆರು ಅಂಕ ಹೆಚ್ಚು ಕೊಟ್ಟಿದ್ದರು. ಅವಳು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಹೋಗಿ ಕಡಿಮೆ ಮಾಡಿ ಎಂದಳು. ಮೇಷ್ಟ್ರು ಹೋಗಲಿ ಬಿಡು ಎಂದರು. ಅವಳು ಬಿಡಲಿಲ್ಲ. ಕಡೆಗೆ ಮೇಷ್ಟ್ರು ಅಂಕ ಇಳಿಸಿ, ರೇವಣಸಿದ್ದಪ್ಪನವರನ್ನು ಕರೆಸಿ, ನಿಮ್ಮ ಹುಡುಗಿಗೆ ದುರಹಂಕಾರ ಎಂದು ದೂರು ಕೊಟ್ಟರು. ಅಪ್ಪ ದಾರಿಯುದ್ದಕ್ಕೂ ಬೈದುಕೊಂಡು ಬಂದು, ಮನೆ ಮುಟ್ಟಿದ ಮೇಲೆ ಅಮ್ಮನ ಹತ್ತಿರ ನಕ್ಕದ್ದನ್ನು ಅವಳು ಕದದ ಹಿಂದಿನಿಂದ ಕೇಳಿಸಿಕೊಂಡಿದ್ದಳು.

ಎಂ.ಎಸ್ಸಿ. ಮುಗಿದ ವರ್ಷವೇ ಸಂಶೋಧನೆಗೆ ಆಯ್ಕೆಯಾಗಿದ್ದಳು. ಸೇರಬೇಕಾಗಿದ್ದ ತಿಂಗಳು ಅಪ್ಪನಿಗೆ ಲಕ್ವ ಹೊಡೆಯಿತು. ಕೈಗೆ ಸಿಕ್ಕ ಈ ಕಾಲೇಜಿನ ಪಾಠದ ಕೆಲಸ ಹಿಡಿದಳು. ಹಾಗೆ ಹಿಡಿದದ್ದು ಇಪ್ಪತ್ತು ವರ್ಷ ಬಿಡಲಿಲ್ಲ. ಮದುವೆಯಾಯಿತು. ಗಂಡ ಸಿದ್ದಲಿಂಗೇಶ್‌ಗೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ನಾಲ್ಕು ಲೇತ್ ಮಷೀನುಗಳ ಸಣ್ಣ ವರ್ಕ್‌ಶಾಪು. ಮನೆ ಬಸವೇಶ್ವರನಗರದಲ್ಲಿ. ಮಗಳು ನಿಖಿತಾ ಹುಟ್ಟಿ, ಬೆಳೆದು, ಮಂಗಳೂರಿನ ಹಾಸ್ಟೆಲ್ ಸೇರಿದ ವರ್ಷ ಗಿರಿಜಾದೇವಿಗೆ ನಲವತ್ಮೂರು. ಆಗ ಪಾರ್ಟ್‌ಟೈಮ್ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಳು.

ಗೈಡು ವೆಂಕಟಗಿರಿ, ಮೈಸೂರು ರಸ್ತೆಯಲ್ಲಿ ಕೆಂಗೇರಿಯಾಚೆಗಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವಳಿಗಿಂತ ಐದು ವರ್ಷ ಚಿಕ್ಕವರು, ಮಾತು ನಯ. ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಅವಳು ಕೆಂಗೇರಿ ಬಸ್ಸು ಹಿಡಿಯುತ್ತಿದ್ದಳು. ಮೆಟ್ರೊ ಅಲ್ಲಿವರೆಗೆ ಹೋದ ಮೇಲೆ ಅತ್ತಿಗುಪ್ಪೆಯಲ್ಲಿ ಹತ್ತುತ್ತಿದ್ದಳು. ಅವಳಿಗೆ ಕೊಟ್ಟದ್ದು ವಿದೇಶದ ಹಳೆಯ ಉಪಗ್ರಹವೊಂದರ ಮಾಹಿತಿ. ಉಪಗ್ರಹ ಕೆಲಸ ನಿಲ್ಲಿಸಿ ವರ್ಷಗಳಾಗಿದ್ದವು, ಅದು ಎಣಿಸಿಟ್ಟ ಎಕ್ಸ್-ರೇಗಳ ದಾಖಲೆ ಮಾತ್ರ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿನಲ್ಲಿತ್ತು. ಆರು ವರ್ಷ ಅವಳು ಆ ಒಂದೇ ಜೋಡಿಯ ಹಿಂದೆ ಬಿದ್ದಳು. ಕುಳಿ ಸಿಕ್ಕಿತು. ಅವಳ ಹೆಸರು ಮೊದಲು, ವೆಂಕಟಗಿರಿಯವರ ಹೆಸರು ಆಮೇಲೆ ಹಾಕಿ ಒಳ್ಳೆಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ಫ್ಲೆಕ್ಸು ಬಂದದ್ದು ಅದಾದ ಮೇಲೆ.

ಅದೇ ವರ್ಷದ ದಸರಾ ರಜೆಯಲ್ಲಿ ಅವಳು ಥೀಸಿಸ್ಸಿನ ಕೊನೆಯ ಅಧ್ಯಾಯಕ್ಕೆ ಕೂತಿದ್ದಳು. ಆ ನ್ಯೂಟ್ರಾನ್ ನಕ್ಷತ್ರ ಎರಡು ನಿಮಿಷ ಚಿಲ್ಲರೆಗೆ ಒಂದು ಸುತ್ತು ತಿರುಗುತ್ತದೆ. ಅವಳು ಆ ಸುತ್ತನ್ನು ಎಂಟು ಹೋಳು ಮಾಡಿ, ಒಂದೊಂದು ಹೋಳಿನಲ್ಲೂ ಕುಳಿ ಎಲ್ಲಿದೆ ಎಂದು ಅಳೆಯಬೇಕಿತ್ತು. ನಕ್ಷತ್ರ ತಿರುಗಿದಂತೆ ನಮಗೆ ಕಾಣುವ ಮಗ್ಗುಲು ಬದಲಾಗುತ್ತದೆ, ಕುಳಿಯೂ ಒಂದಿಷ್ಟು ಆಚೀಚೆ ಸರಿಯಬೇಕು. ಮೊದಲ ಹೋಳಿನಲ್ಲಿ ಮೂವತ್ತನಾಲ್ಕೂವರೆ. ಎರಡನೆಯದರಲ್ಲೂ ಅಷ್ಟೆ. ಎಂಟೂ ಹೋಳು ಮುಗಿದರೂ ಕುಳಿ ಮೊಳೆ ಹೊಡೆದಂತೆ ಅಲ್ಲೇ ನಿಂತಿತ್ತು.

ಅವಳು ಊಟದ ಮೇಜಿನಿಂದ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. ಆ ಉಪಕರಣದ ಹೊಟ್ಟೆಯಲ್ಲಿ ತುಂಬಿದ್ದು ಜೆನಾನ್ ಅನಿಲ. ಎಕ್ಸ್-ರೇ ಹಿಡಿಯುವುದು ಅದೇ. ಜೆನಾನ್‌ನ ಎಕ್ಸ್-ರೇ ಹೀರುವ ಸ್ವಭಾವ ಒಂದು ಶಕ್ತಿಯಲ್ಲಿ ತಟ್ಟನೆ ಬದಲಾಗುತ್ತದೆ, ಮತ್ತು ಅದು ಮೂವತ್ತನಾಲ್ಕೂವರೆಯೇ. ಆ ಬದಲಾವಣೆಯನ್ನು ಲೆಕ್ಕದಲ್ಲಿ ಸರಿಯಾಗಿ ಕಳೆಯದಿದ್ದರೆ ಯಾವ ನಕ್ಷತ್ರ ನೋಡಿದರೂ ಅಲ್ಲೊಂದು ಕುಳಿ ಕಾಣುತ್ತದೆ. ಇದು ಅವಳಿಗೆ ಗೊತ್ತಿರದ ವಿಷಯವಲ್ಲ. ಮೊದಲ ವರ್ಷವೇ ಕೇಳಿದ್ದಳು. "ಅದನ್ನೆಲ್ಲ ನಾನು ಚೆಕ್ ಮಾಡಿದೀನಿ, ನೀವು ಮುಂದೆ ಹೋಗಿ ಮೇಡಂ" ಎಂದಿದ್ದರು ವೆಂಕಟಗಿರಿ.

ಪರೀಕ್ಷಿಸಲು ಒಂದು ಹಳೆಯ ದಾರಿ ಇದೆ. ಏಡಿ ನೀಹಾರಿಕೆ ಎಂಬ ಆಕಾಶದ ಒಂದು ಎಕ್ಸ್-ರೇ ಮೂಲದ ಇಳಿಜಾರು ನುಣ್ಣಗೆ, ಕುಳಿ ಗಿಳಿ ಇಲ್ಲದ್ದು ಎಂದು ಜಗತ್ತಿಗೇ ಗೊತ್ತು. ಅದೇ ಉಪಕರಣ ನೋಡಿದ ಏಡಿಯ ದಾಖಲೆಯನ್ನು ಅವಳು ಇಳಿಸಿಕೊಂಡಳು. ಮಧ್ಯಾಹ್ನ ಮೂರರ ಹೊತ್ತಿಗೆ ಗೆರೆ ಮೂಡಿತು. ನುಣ್ಣಗಿರಬೇಕಾದ ಇಳಿಜಾರಿನಲ್ಲಿ ಮೂವತ್ತನಾಲ್ಕೂವರೆಯಲ್ಲಿ ಕುಳಿ. ಆಳ ನೂರಕ್ಕೆ ಮೂರು. ತನ್ನ ನಕ್ಷತ್ರದಲ್ಲೂ ನೂರಕ್ಕೆ ಮೂರೇ.

ಆರು ವರ್ಷ ಅವಳು ನಕ್ಷತ್ರ ನೋಡಿರಲಿಲ್ಲ. ಅನಿಲ ತುಂಬಿದ ಡಬ್ಬಿಯನ್ನು ನೋಡಿದ್ದಳು.

ಮೊದಲ ಸಿಟ್ಟು ತನ್ನ ಮೇಲೇ. ಬರೀ ಒಂದು ಮಧ್ಯಾಹ್ನದ ಕೆಲಸ, ಆರು ವರ್ಷದಲ್ಲಿ ಯಾಕೆ ಮಾಡಲಿಲ್ಲ? ಬಾಣಲೆಯಲ್ಲಿ ಒಗ್ಗರಣೆ ಕರಕಾದರೆ ಹೊಸದಾಗಿ ಹಾಕುವವಳು, ಹುಡುಗರ ಪ್ರಾಕ್ಟಿಕಲ್ ಪುಸ್ತಕದಲ್ಲಿ ಒಂದಂಕಿ ತಿದ್ದಿದ್ದರೆ ಇಡೀ ಪ್ರಯೋಗ ವಾಪಸ್ ಮಾಡಿಸುವವಳು, ಇಲ್ಲಿ 'ನಾನು ಚೆಕ್ ಮಾಡಿದೀನಿ' ಎಂಬ ಒಂದು ಮಾತಿಗೆ ತಲೆಯಾಡಿಸಿ ಬಂದಿದ್ದಳಲ್ಲ! ನಲವತ್ಮೂರಕ್ಕೆ ಅವಕಾಶ ಸಿಕ್ಕಿತೆಂಬ ಋಣಕ್ಕೆ ಬಾಯಿ ಮುಚ್ಚಿಕೊಂಡಿದ್ದೆ ಎನ್ನುವುದು ಹೊಳೆದಾಗ ಕಣ್ಣಲ್ಲಿ ನೀರು ಬಂತು. ಅದನ್ನೂ ಸೆರಗಿನಲ್ಲಿ ಸಿಟ್ಟಿನಿಂದಲೇ ಒರೆಸಿಕೊಂಡಳು.

ಆಮೇಲೆ ಇನ್ನೊಂದು ನೆನಪಾಯಿತು. ಪ್ರಬಂಧ ಅಚ್ಚಾಗುವ ಮೊದಲು ಪತ್ರಿಕೆಯವರು ಅದನ್ನು ಹೆಸರು ಹೇಳದ ಪರಿಣತರೊಬ್ಬರಿಗೆ ಓದಲು ಕಳಿಸಿರುತ್ತಾರೆ. ಅವರು ಈ ಜೆನಾನ್ ವಿಷಯ ಕೇಳದೆ ಬಿಟ್ಟಿರುತ್ತಾರೆಯೇ? ಅವರ ಪ್ರಶ್ನೆಗಳಿಗೆ ಉತ್ತರ ಕಳಿಸಿದ್ದು ವೆಂಕಟಗಿರಿ. 'ಸಣ್ಣಪುಟ್ಟದ್ದು, ನಾನೇ ನೋಡ್ಕೊಂಡೆ' ಎಂದಿದ್ದರು. ಅವಳು ವೆಂಕಟಗಿರಿಯವರ ಗುಂಪಿನಲ್ಲೇ ಸಂಶೋಧನೆ ಮಾಡುತ್ತಿದ್ದ, ಕಂಪ್ಯೂಟರ್ ಉಸ್ತುವಾರಿಯೂ ಇದ್ದ ಚೈತನ್ಯಾಗೆ ಫೋನ್ ಮಾಡಿದಳು.

"ಚೈತನ್ಯಾ, ರೆಫರಿಗೆ ಕಳಿಸಿದ ಉತ್ತರ ನಿನ್ನ ಹತ್ರ ಇದೆಯೇನಮ್ಮಾ?"

"ಮೇಡಂ, ನೀವು ಓದಿಲ್ವಾ ಅದನ್ನ? ಫಸ್ಟ್ ಆಥರ್ ನೀವೇ ಅಲ್ವಾ?"

"ಓದಿಲ್ಲ. ಕಳಿಸು."

ಬಂದದ್ದು ಮೂರು ಪುಟ. ಎರಡನೆಯ ಪ್ರಶ್ನೆಯೇ ಅದು. ಈ ಕುಳಿ ಜೆನಾನ್‌ನಿಂದ ಬಂದದ್ದಲ್ಲ ಎನ್ನುವುದನ್ನು ಏಡಿ ನೀಹಾರಿಕೆಯ ದಾಖಲೆಯೊಂದಿಗೆ ಹೋಲಿಸಿ ನೋಡಿದ್ದೀರಾ ಎಂದು ಪರಿಣತರು ಕೇಳಿದ್ದರು. ಕೆಳಗೆ ಉತ್ತರ: 'ಮೊದಲ ಲೇಖಕಿ ಈ ಹೋಲಿಕೆಯನ್ನು ಕೂಲಂಕಷವಾಗಿ ಮಾಡಿದ್ದಾರೆ. ಏಡಿಯಲ್ಲಿ ಅಂಥ ಯಾವ ಕುಳಿಯೂ ಕಂಡುಬಂದಿಲ್ಲ.'

ಮೊದಲ ಲೇಖಕಿ ಆ ಸಾಲನ್ನು ನಾಲ್ಕು ಸಲ ಓದಿದಳು. ಆ ಕ್ಷಣದಿಂದ ಅವಳ ಮನಸ್ಸಿನಲ್ಲಿ ವೆಂಕಟಗಿರಿ 'ಅವರು' ಹೋಗಿ 'ಅವನು' ಆದ.

ಶನಿವಾರದವರೆಗೂ ಕಾಯಲಿಲ್ಲ. ಮರುದಿನವೇ ಪ್ರಿಂಟ್ ತೆಗೆಸಿಕೊಂಡು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದಳು. ವೆಂಕಟಗಿರಿಯ ಕೋಣೆಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಕಂಪ್ಯೂಟರ್ ಮೇಲಿತ್ತು. ಅವನು ಎದ್ದು ನಿಂತು, "ಬನ್ನಿ ಬನ್ನಿ ಮೇಡಂ, ಕಾಫಿ ತರಿಸ್ಲಾ?" ಎಂದ.

ಅವಳು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಇದು ನಮ್ಮ ನಕ್ಷತ್ರ. ಇದು ಏಡಿ. ಎರಡರಲ್ಲೂ ಒಂದೇ ಕುಳಿ."

ಅವನು ಹಾಳೆ ನೋಡಿದ. ಗಾಬರಿಯಾಗಲಿಲ್ಲ. ಅದನ್ನು ನೋಡಿಯೇ ಅವಳಿಗೆ ಗೊತ್ತಾಗಿಹೋಯಿತು.

"ನಿಮಗೆ ಮೊದಲೇ ಗೊತ್ತಿತ್ತು."

"ನೋಡಿ ಮೇಡಂ, ಕ್ಯಾಲಿಬ್ರೇಷನ್ ಅನ್ನೋದು ಸಮುದ್ರ. ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ನಾವು ಒಂದು ಇಂಟರ್‌ಪ್ರಿಟೇಷನ್ ಕೊಟ್ಟಿದೀವಿ."

"ನಾನು ಮಾಡದೇ ಇರೋ ಕೆಲಸಾನ ನಾನು ಮಾಡಿದೀನಿ ಅಂತ ಬರ್ದಿದೀರಲ್ಲ, ಅದೂ ಇಂಟರ್‌ಪ್ರಿಟೇಷನ್ನಾ?"

ಅವನು ಬಾಗಿಲು ಮುಂದೆ ಮಾಡಿ ಬಂದು ಕೂತ. ದನಿ ಇನ್ನೂ ನಯವಾಯಿತು. "ಮೇಡಂ, ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡಿ. ಇನ್ನು ಮೂರು ತಿಂಗಳಲ್ಲಿ ಥೀಸಿಸ್ ಸಬ್ಮಿಟ್ ಮಾಡ್ತೀರ. ಮುಂದಿನ ದಸರಾ ಹೊತ್ತಿಗೆ ಡಾಕ್ಟರ್ ಗಿರಿಜಾದೇವಿ. ಈಗ ಇದನ್ನ ಎತ್ತಿದ್ರೆ ಯಾರಿಗೆ ಲಾಭ? ನಕ್ಷತ್ರ ಬಂದು ನನ್ನ ಕಾಂತಕ್ಷೇತ್ರ ತಪ್ಪು ಬರ್ದಿದೀರ ಅಂತ ಕೇಸು ಹಾಕುತ್ತಾ?"

"ಆ ಕುಳಿ ನಂಬ್ಕೊಂಡು ಬೇರೆಯವರು ಕೆಲಸ ಮಾಡ್ತಿದಾರೆ. ಒಂಬತ್ತು ಪೇಪರಲ್ಲಿ ನಮ್ಮದನ್ನ ಉಲ್ಲೇಖ ಮಾಡಿದಾರೆ."

"ಒಳ್ಳೇದೇ ಅಲ್ವಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಪತ್ರಿಕೆಗೆ ಬರೆದು ವಾಪಸ್ ತಗೋಳಿ. ನೀವು ಬರೀದಿದ್ರೆ ನಾನು ಬರೀತೀನಿ."

ಆಗ ಅವನ ನಯ ಹೋಯಿತು. "ಬರೀರಿ. ಮೊದಲ್ನೇ ಹೆಸರು ನಿಮ್ಮದು. ಮುಳುಗೋದೂ ನೀವೇ ಮೊದಲು. ಈ ವಯಸ್ಸಲ್ಲಿ ನಿಮ್ಮನ್ನ ಯಾರೂ ತಗೋತಿರ್ಲಿಲ್ಲ ಮೇಡಂ. ನಾನು ತಗೊಂಡೆ. ಅದನ್ನ ಮರೀಬೇಡಿ."

"ಮರೆತಿಲ್ಲ. ಅದಕ್ಕೇ ಆರು ವರ್ಷ ಸುಮ್ನಿದ್ದೆ," ಎಂದು ಹಾಳೆಗಳನ್ನು ಎತ್ತಿಕೊಂಡು ಹೊರಬಂದಳು. ಕೆಂಗೇರಿ ನಿಲ್ದಾಣದಲ್ಲಿ ರೈಲು ಬಂದು ನಿಂತು ಬಾಗಿಲು ತೆಗೆದು ಮುಚ್ಚಿಕೊಂಡು ಹೋಯಿತು. ಅವಳು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು. ಹತ್ತಲು ಮರೆತದ್ದು ಎರಡನೆಯ ರೈಲು ಬಂದಾಗ ಗೊತ್ತಾಯಿತು.

ಮನೆಯಲ್ಲಿ ಸಿದ್ದಲಿಂಗೇಶ್ ಎಲ್ಲ ಕೇಳಿ ತಟ್ಟೆ ಪಕ್ಕಕ್ಕೆ ಸರಿಸಿದ. ಸಾಧಾರಣಕ್ಕೆ ಅವನು ಅವಳ ಸಿಟ್ಟಿಗೆ ಎದುರಾಡುವವನಲ್ಲ. ಅವತ್ತು ಆಡಿದ.

"ಆರು ವರ್ಷ ಗಿರಿಜಾ. ಒಂದು ಶನಿವಾರ ಒಂದು ಮದುವೆ ಮುಂಜಿಗೆ ಬಂದಿಲ್ಲ ನೀನು. ನಿಖಿತಾ ಬಂದಾಗ್ಲೂ ಆ ಲ್ಯಾಪ್‌ಟಾಪ್ ಮುಂದೆ. ನಮ್ಮಮ್ಮ ಆಸ್ಪತ್ರೆಲಿದ್ದಾಗ ನಾನೊಬ್ನೇ ಓಡಾಡ್ದೆ, ಒಂದ್ಮಾತು ಅಂದಿದೀನಾ? ಈಗ ಅಷ್ಟನ್ನೂ ನೀನೇ ಒಲೆಗೆ ಹಾಕ್ತೀನಿ ಅಂತಿದೀಯ."

"ಅದು ಸುಳ್ಳು ರೀ. ಇಟ್ಕೊಂಡು ಏನ್ಮಾಡ್ಲಿ?"

"ಡಿಗ್ರಿ ತಗೊಂಡು ಆಮೇಲೆ ಹೇಳು."

"ಡಿಗ್ರಿ ತಗೊಂಡಮೇಲೆ ಹೇಳೋದಕ್ಕೆ ಬಾಯಿ ಬರುತ್ತೇನ್ರೀ? ನಿಮ್ಮ ಅಳತೆ ಗೇಜು ತಪ್ಪಿತ್ತು ಅಂತ ಗೊತ್ತಾದಮೇಲೆ ಆ ಲಾಟು ಪೂರ್ತಿ ಡೆಲಿವರಿ ಕೊಡ್ತೀರಾ ನೀವು?"

ಸಿದ್ದಲಿಂಗೇಶ್ ಎದ್ದು ಕೈ ತೊಳೆದು ಬಂದ. ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, "ಲೆಟರ್ ಕಳ್ಸಿದ್ಯಾ?" ಎಂದು ಕೇಳಿದ. ಅವಳು ಎರಡನೇ ದಿನವೇ ಕಳಿಸಿದ್ದಳು.

ಪತ್ರಿಕೆಯವರು ಐದು ತಿಂಗಳು ತೆಗೆದುಕೊಂಡರು. ಅಷ್ಟರೊಳಗೆ ವೆಂಕಟಗಿರಿ ಗೈಡ್ ಸ್ಥಾನ ಬಿಟ್ಟುಕೊಟ್ಟ. ವಿಶ್ವವಿದ್ಯಾಲಯದಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬಂತು, ಮೂರು ತಿಂಗಳಲ್ಲಿ ಬೇರೆ ಗೈಡ್ ಹುಡುಕಿಕೊಳ್ಳದಿದ್ದರೆ ನೋಂದಣಿ ರದ್ದು. ಅವಳು ಏಳು ಜನರಿಗೆ ಬರೆದಳು. ಇಬ್ಬರು ಉತ್ತರ ಕೊಟ್ಟರು, ಇಬ್ಬರದೂ ಒಂದೇ ಉತ್ತರ: ಸದ್ಯಕ್ಕೆ ಜಾಗ ಇಲ್ಲ. ಒಬ್ಬರು ಫೋನಿನಲ್ಲಿ ಮೆಲ್ಲಗೆ, "ನೀವು ಮಾಡಿದ್ದು ಸರಿ ಮೇಡಂ, ಆದ್ರೆ ನಾನು ಅವರ ಜೊತೆ ಕಮಿಟಿಲಿದೀನಿ" ಎಂದರು. ನೋಂದಣಿ ರದ್ದಾಯಿತು.

ಕಾಲೇಜಿನಲ್ಲಿ ಪುರುಷೋತ್ತಮ ಅವರು ಕರೆಸಿದರು. ಈ ವರ್ಷ ಕಾಲೇಜುಗಳಿಗೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬರುವುದಿದೆ, ಸಂಶೋಧನೆ ಎಂಬ ಕಾಲಮ್ಮಿನಲ್ಲಿ ಕಾಲೇಜಿಗೆ ಇದ್ದದ್ದು ಅದೊಂದೇ ಪ್ರಬಂಧ. "ಸಮಿತಿಯವರು ಬಂದು ಹೋಗೋವರೆಗೂ ಸುಮ್ನಿರಿ ಮೇಡಂ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಅವಳು ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ಕತ್ತರಿ ತಂದಳು. ಸೆಕ್ಯೂರಿಟಿಯವನ ಸ್ಟೂಲು ಎಳೆದು ಗೇಟಿನ ಬಳಿ ಹಾಕಿಕೊಂಡಳು. ಕ್ಲಾಸು ಬಿಟ್ಟು ಹೊರಬರುತ್ತಿದ್ದ ಮಕ್ಕಳೆಲ್ಲ ನೋಡುತ್ತಿದ್ದಂತೆ ಫ್ಲೆಕ್ಸಿನ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿದಳು. ಬಿಸಿಲಿಗೆ ಬಣ್ಣ ಮಾಸಿದ ಅವಳದೇ ಮುಖ ರಸ್ತೆಗೆ ಬಿತ್ತು. ತರಕಾರಿ ಗಾಡಿಯ ಇಂದ್ರಮ್ಮ ಓಡಿಬಂದು, "ಬೇಡ ಅಂದ್ರೆ ನಂಗೆ ಕೊಡಿ ಮೇಡಮ್ಮೋರೆ, ಗಾಡಿಗೆ ಹೊದ್ಸೋಕಾಯ್ತದೆ" ಎಂದಳು. ಗಿರಿಜಾದೇವಿ ಸುತ್ತಿ ಕೊಟ್ಟಳು.

ಪತ್ರಿಕೆಯಲ್ಲಿ ಹನ್ನೊಂದು ಸಾಲಿನ ಪ್ರಕಟಣೆ ಬಂತು. ಪ್ರಬಂಧ ಹಿಂತೆಗೆದುಕೊಳ್ಳಲಾಗಿದೆ, ಕಂಡ ಕುಳಿ ಉಪಕರಣದ್ದು, ನಕ್ಷತ್ರದ್ದಲ್ಲ. ಅದೇ ವಾರ ವೆಂಕಟಗಿರಿ ಪರಿಚಯದವರಿಗೆಲ್ಲ ಒಂದು ಇ-ಮೇಲ್ ಕಳಿಸಿದ. ಅನುಭವವಿಲ್ಲದ ಪಾರ್ಟ್‌ಟೈಮ್ ವಿದ್ಯಾರ್ಥಿನಿಯ ಅವಸರದಿಂದ ಹೀಗಾಯಿತು, ಗೈಡಾಗಿ ನೈತಿಕ ಹೊಣೆ ನನ್ನದು, ಎಂದು. ಗಿರಿಜಾದೇವಿ ಆ ಮೂರು ಪುಟಗಳನ್ನು ಲಗತ್ತಿಸಿ ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಳು.

ವಿಚಾರಣೆಯ ದಿನ ಸಿದ್ದಲಿಂಗೇಶ್ ವರ್ಕ್‌ಶಾಪಿಗೆ ಬೀಗ ಹಾಕಿ ತಾನೇ ಕಾರಿನಲ್ಲಿ ಕರೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತ. ಒಳಗೆ ಮೂರು ಜನರ ಸಮಿತಿ. ಉತ್ತರ ಬರೆದದ್ದು ಯಾರು ಎಂದು ಅವರು ಕೇಳಿದಾಗ ವೆಂಕಟಗಿರಿ, ಚರ್ಚೆ ಮಾಡಿಯೇ ಬರೆದದ್ದು, ಬಾಯಿಮಾತಿನ ಚರ್ಚೆಗೆ ದಾಖಲೆ ಎಲ್ಲಿರುತ್ತೆ ಎಂದ. ಸಾಕ್ಷಿಗೆ ಚೈತನ್ಯಾಳನ್ನು ಕರೆದರು. ಅವಳ ಥೀಸಿಸ್ ಇನ್ನೂ ವೆಂಕಟಗಿರಿಯ ಕೈಯಲ್ಲಿತ್ತು. ತನಗೆ ನೆನಪಿಲ್ಲ ಎಂದು ನೆಲ ನೋಡಿಕೊಂಡು ಹೇಳಿ ಹೋದಳು. ಗಿರಿಜಾದೇವಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಹುಡುಗಿ ಹಾಗೆ ನೆಲ ನೋಡುವಂತೆ ಮಾಡಿದ್ದಕ್ಕೆ ಎದುರಿಗೆ ಕೂತ ವೆಂಕಟಗಿರಿಯ ಮೇಲೆ ಬಂತು. ಸಮಿತಿ ಇಬ್ಬರಿಗೂ ಎಚ್ಚರಿಕೆ ಕೊಟ್ಟು ಕಡತ ಮುಚ್ಚಿತು. ಮುಂದಿನ ಜುಲೈಯಲ್ಲಿ ವೆಂಕಟಗಿರಿ ಡೀನ್ ಆದ.

ಅವಳು ಸುಮ್ಮನೆ ಕೂರಲಿಲ್ಲ. ಅದೇ ಉಪಕರಣ ನೋಡಿದ ಏಡಿಯ ದಾಖಲೆಗಳನ್ನೆಲ್ಲ, ಹನ್ನೆರಡು ವರ್ಷದವನ್ನು, ಒಂದೊಂದಾಗಿ ಇಳಿಸಿಕೊಂಡಳು. ಜೆನಾನ್‌ನ ಕುಳಿ ವರ್ಷದಿಂದ ವರ್ಷಕ್ಕೆ ಎಷ್ಟು ಆಳ, ಅದನ್ನು ಕಳೆಯುವುದು ಹೇಗೆ ಎಂದು ಕೋಷ್ಟಕ ಮಾಡಿದಳು. ಬೆಳಿಗ್ಗೆ ಐದಕ್ಕೆ ಎದ್ದು ಏಳರವರೆಗೆ ಕೂರುವಳು. ಆಗ ಬೀದಿಯಲ್ಲಿ ಹೂವಿನವಳ ಕೂಗು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಒಂದು ವರ್ಷದ ಮೇಲೆ ನಾಲ್ಕು ಪುಟದ ಲೇಖನ, ಅವಳೊಬ್ಬಳದೇ ಹೆಸರಿನಲ್ಲಿ ಬಂತು. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ. ಎರಡು ತಿಂಗಳಾದ ಮೇಲೆ ಪೋಲೆಂಡಿನಿಂದ ಒಬ್ಬ ಸಂಶೋಧಕಿ ಬರೆದಳು: ಬೇರೊಂದು ಜೋಡಿಯಲ್ಲಿ ಇಂಥದೇ ಕುಳಿ ಸಿಕ್ಕಿತೆಂದು ಪ್ರಬಂಧ ಕಳಿಸುವುದರಲ್ಲಿದ್ದೆ, ನಿಮ್ಮ ಕೋಷ್ಟಕ ಹಾಕಿದ ಮೇಲೆ ಕುಳಿ ಮಾಯವಾಯಿತು, ಕಳಿಸಲಿಲ್ಲ. ಆ ಇ-ಮೇಲನ್ನು ಗಿರಿಜಾದೇವಿ ಕನ್ನಡಕ್ಕೆ ತಿರುಗಿಸಿ ಗಂಡನಿಗೆ ಓದಿ ಹೇಳಿದಳು. ಅವನು, "ಪಾಪ, ಅವಳಿಗೂ ನೀನು ಪೇಪರ್ ತಪ್ಸಿದೆ" ಎಂದು ನಕ್ಕ. ಬಹಳ ತಿಂಗಳ ಮೇಲೆ ಅವಳೂ ನಕ್ಕಳು.

ಆ ನಗು ಫೆಬ್ರವರಿಯ ವಿಜ್ಞಾನ ದಿನಾಚರಣೆಯವರೆಗೆ ಇತ್ತು. ಮುಖ್ಯ ಅತಿಥಿ ಡೀನ್ ವೆಂಕಟಗಿರಿ ಎಂದು ಆಮಂತ್ರಣ ಅಚ್ಚಾದ ಮೇಲೆ ಅವಳಿಗೆ ತಿಳಿಯಿತು. ಸ್ವಾಗತ ಭಾಷಣ ನೀವೇ ಮಾಡಬೇಕು, ಹಳೆಯದನ್ನೆಲ್ಲ ಮರೆತುಬಿಡಿ ಎಂದರು ಪುರುಷೋತ್ತಮ. ಮಾಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಸಭಾಂಗಣದ ಮೂರನೆಯ ಸಾಲಿನಲ್ಲಿ ಹೋಗಿ ಕೂತಳು.

ಅವನು ಚೆನ್ನಾಗಿ ಮಾತಾಡಿದ. ನ್ಯೂಟ್ರಾನ್ ನಕ್ಷತ್ರ, ಎಕ್ಸ್-ರೇ, ಉಪಗ್ರಹ, ಎಲ್ಲ. ಕೊನೆಗೆ ವಿಜ್ಞಾನಿಗೆ ಪ್ರಾಮಾಣಿಕತೆ ಮುಖ್ಯ ಎಂದು ಹೇಳುತ್ತ, "ನಾನೇ ಒಂದು ಪ್ರಬಂಧದಲ್ಲಿ ತಪ್ಪಾದಾಗ ಅದನ್ನು ವಾಪಸ್ ತಗೊಂಡಿದೀನಿ. ನೋವಾಗುತ್ತೆ ಮಕ್ಕಳೇ. ಆದರೆ ಸತ್ಯ ದೊಡ್ಡದು," ಎಂದ. ಇನ್ನೂರು ಮಕ್ಕಳು ಚಪ್ಪಾಳೆ ತಟ್ಟಿದರು.

ಗಿರಿಜಾದೇವಿ ಎದ್ದು ನಿಂತಳು. ಮೈಕು ಕೇಳಲಿಲ್ಲ, ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಗಂಟಲು ಅದು.

"ಡೀನ್ ಸಾರ್, ಒಂದು ಪ್ರಶ್ನೆ. ಆ ಪ್ರಬಂಧ ವಾಪಸ್ ತಗೊಳ್ಳಿ ಅಂತ ಪತ್ರ ಬರ್ದಿದ್ದು ಯಾರು?"

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಟೀಮ್ ಮೇಡಂ. ನಮ್ಮ ಟೀಮು."

"ಟೀಮಲ್ಲಿ ಇಬ್ರೇ ಇದ್ದದ್ದು. ನಾನು, ನೀವು. ನಾನು ಬರೀತೀನಿ ಅಂದಾಗ ನೀವು, ಮುಳುಗೋದು ನೀವೇ ಮೊದಲು ಅಂದ್ರಿ. ಅವತ್ತು ಸತ್ಯ ಎಷ್ಟು ದೊಡ್ಡದಿತ್ತು ಅಂತ ಈ ಮಕ್ಕಳಿಗೆ ಹೇಳಿ."

ಪುರುಷೋತ್ತಮ ಅವರು, "ಮೇಡಂ, ಪ್ಲೀಸ್, ಕೂತ್ಕೊಳ್ಳಿ" ಎಂದು ಕೈ ಮುಗಿದರು. ಅವಳು ಕೂರಲಿಲ್ಲ. ವೆಂಕಟಗಿರಿ ಗಡಿಯಾರ ನೋಡಿಕೊಂಡು, "ಇದು ಇಂಥ ವೇದಿಕೆ ಅಲ್ಲ" ಎಂದ. "ಇದೇ ವೇದಿಕೆ ಸಾರ್. ಸುಳ್ಳು ಹೇಳಿದ್ದೂ ಇಲ್ಲೇ ಅಲ್ವಾ ನೀವು?" ಎಂದಳು ಅವಳು. ಹಿಂದಿನ ಸಾಲಿನಿಂದ ಅಂತಿಮ ವರ್ಷದ ಶರಣ್ಯಾ ಎಂಬ ಹುಡುಗಿ ಎದ್ದು, "ಸಾರ್, ಉತ್ತರ ಹೇಳಿ" ಎಂದಳು. ಇನ್ನಿಬ್ಬರು ಎದ್ದರು. ವೆಂಕಟಗಿರಿ ಮೈಕು ಇಟ್ಟು ವೇದಿಕೆ ಇಳಿದ. ವಂದನಾರ್ಪಣೆ ಆಗಲೇ ಇಲ್ಲ.

ಮರುದಿನ ಅವಳ ಮೇಜಿನ ಮೇಲೆ ಮೆಮೊ ಇತ್ತು. ಅತಿಥಿಗೆ ಅಗೌರವ, ಕಾಲೇಜಿನ ಘನತೆಗೆ ಧಕ್ಕೆ, ಮೂರು ದಿನದೊಳಗೆ ಸಮಜಾಯಿಷಿ ಕೊಡಿ. ಅವಳು ಆ ಮೂರು ಪುಟಗಳನ್ನೂ, ಪತ್ರಿಕೆಗೆ ತಾನು ಬರೆದ ಪತ್ರವನ್ನೂ ಲಗತ್ತಿಸಿ, 'ಇದೇ ನನ್ನ ಸಮಜಾಯಿಷಿ' ಎಂದು ಬರೆದು ಕೊಟ್ಟಳು. ಆ ವರ್ಷದ ವೇತನ ಬಡ್ತಿ ತಡೆಹಿಡಿದರು. ಪಿಎಚ್.ಡಿ. ಇಲ್ಲದವರಿಗೆ ವಿಭಾಗದ ಮುಖ್ಯಸ್ಥೆಯಾಗುವ ಅರ್ಹತೆ ಇಲ್ಲವೆಂದು ಹೇಳಿ, ಅವಳಿಂದಲೇ ಪಾಠ ಕಲಿತ ಚನ್ನವೀರೇಶ್ ಎಂಬ ಯುವಕನನ್ನು ಆ ಕುರ್ಚಿಗೆ ತಂದರು. ಅವನು ಮೊದಲ ದಿನವೇ ಬಂದು, "ಮೇಡಂ, ನಂಗೆ ನಾಚಿಕೆ ಆಗ್ತಿದೆ" ಎಂದ. "ನಾಚಿಕೆ ಆಮೇಲೆ ಪಡು, ಮೊದಲು ಲ್ಯಾಬಿನ ಆ ಸೋಡಿಯಂ ಲ್ಯಾಂಪ್ ರಿಪೇರಿ ಮಾಡ್ಸು, ಎರಡು ವರ್ಷದಿಂದ ಕೇಳ್ತಿದೀನಿ," ಎಂದು ಗದರಿದಳು.

ಮಾರ್ಚ್ ಕೊನೆಗೆ ಚೈತನ್ಯಾಳಿಂದ ಫೋನು ಬಂತು. ಅವಳ ಥೀಸಿಸ್ ಮುಗಿದು, ಡಿಗ್ರಿ ಕೈಗೆ ಬಂದಿತ್ತು. ತುಂಬ ಹೊತ್ತು ಅತ್ತಳು. ಆಮೇಲೆ, ವಿಚಾರಣೆಯಲ್ಲಿ ಹೇಳಬೇಕಾಗಿದ್ದನ್ನೆಲ್ಲ ಬರೆದು ಸಹಿ ಹಾಕಿ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೇನೆ ಎಂದಳು. ಕಡತ ಮತ್ತೆ ತೆರೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಪ್ರತಿ ನಿಮಗೂ ಕಳಿಸಿದ್ದೇನೆ ಎಂದಳು.

"ಮುಂಚೆನೇ ಹೇಳ್ಬೇಕಿತ್ತು ಮೇಡಂ ನಾನು. ನೀವು ಬೈರಿ."

ಗಿರಿಜಾದೇವಿ ಬೈದಳು. ಐದು ನಿಮಿಷ, ಉಸಿರು ಬಿಡದೆ. ಆಮೇಲೆ, ಭಾನುವಾರ ಊಟಕ್ಕೆ ಬಾ, ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ, ಆ ನಕ್ಷತ್ರದ ಇಳಿಜಾರಿನಲ್ಲಿ ಇನ್ನೂ ಕೆಳಗೆ, ಇಪ್ಪತ್ತರ ಹತ್ತಿರ ಒಂದು ಕುಳಿಯ ಅನುಮಾನ ಇದೆ, ಎಂಟು ಹೋಳಿನಲ್ಲಿ ಅದು ಆಚೀಚೆ ಸರಿಯುತ್ತಿದೆ, ನನ್ನ ಲೆಕ್ಕ ನಂಬಬೇಡ, ನೀನೇ ಬೇರೆ ಮಾಡಿ ನೋಡು, ಎಂದಳು.